ಫ್ಲೈ ಫಿಶಿಂಗ್‌ನಲ್ಲಿ ಆಗುವ ಗಾಯಗಳು, ತಪ್ಪಿಸಿಕೊಳ್ಳುವ ದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಏರಿಯ ಮೇಲೆ ಕೂತು ಎರೆಹುಳು ಚುಚ್ಚಿ ಹಾಕುವ ಗಾಳದಲ್ಲಿ ತೂಕ ಇರುವುದು ಕೊಕ್ಕೆಯ ಕಡೆ. ಫ್ಲೈ ಫಿಶಿಂಗ್‌ನಲ್ಲಿ ತೂಕ ಇರುವುದು ದಾರದಲ್ಲಿ. ಗರಿ, ರೋಮ, ನೂಲು ಸುತ್ತಿ ಹುಳುವಿನ ರೂಪ ಕೊಟ್ಟ ಕೊಕ್ಕೆ, ಅಂದರೆ ಫ್ಲೈ, ಎಷ್ಟು ಹಗುರವೆಂದರೆ ಅದನ್ನು ಎಸೆಯಲಾಗುವುದಿಲ್ಲ. ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ಜೊತೆಗೆ ಕೊಕ್ಕೆಯನ್ನು ನೀರಿಗೆ ತಲುಪಿಸಬೇಕು. ಟ್ರೌಟ್ ಮೀನು ಇರುವುದು ತಣ್ಣಗೆ, ರಭಸವಾಗಿ ಹರಿಯುವ ನೀರಿನಲ್ಲಾದ್ದರಿಂದ ಬಹಳ ಸಲ ನದಿಗೂ ಇಳಿಯಬೇಕು. ಹೆಚ್ಚುಕಡಿಮೆ ಎಲ್ಲ ಗಾಯಗಳೂ ಬರುವುದು ಈ ಬೀಸುವುದು, ಇಳಿಯುವುದು ಎರಡರಿಂದಲೇ. ಹಿಮಾಚಲದ ತೀರ್ಥನ್ ಕಣಿವೆಗೆ ಹೊರಟವರು, ಕೊಲರಾಡೊ ಮೊಂಟಾನಾ ಕಡೆಯ ನದಿಗಳಲ್ಲಿ ವಾರಾಂತ್ಯ ಕಳೆಯುವ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ಗಾಯ ಯಾವುದು?

ಕೊಕ್ಕೆ ಚುಚ್ಚುವುದು. ಬೆರಳು, ಕಿವಿ, ತಲೆಯ ಹಿಂಭಾಗ, ಕುತ್ತಿಗೆ. ಆದರೆ ಹೆಚ್ಚಾಗಿ ಆಗುವುದೇ ಬೇರೆ, ಹೆಚ್ಚು ಅಪಾಯದ್ದೇ ಬೇರೆ. ಕೊಕ್ಕೆಯಿಂದ ಸತ್ತವರ ಮಾತು ಕೇಳುವುದಿಲ್ಲ. ನೀರಿನಲ್ಲಿ ಹೋದವರ ಸುದ್ದಿ ಪ್ರತಿ ವರ್ಷ ಬರುತ್ತದೆ. ಇನ್ನು ಈ ಹವ್ಯಾಸವನ್ನೇ ಬಿಡುವಂತೆ ಮಾಡುವುದು ಇವೆರಡೂ ಅಲ್ಲ, ಭುಜ ಮತ್ತು ಮೊಣಕೈ ನೋವು. ಹೊಸಬರು ಕೊಕ್ಕೆಗೆ ಹೆದರುತ್ತಾರೆ, ನೀರಿಗೆ ಹೆದರುವುದಿಲ್ಲ. ಅದು ತಿರುಗುಮುರುಗು ಆಗಬೇಕು.

ನನ್ನ ಕೈಯಲ್ಲಿರುವ ಕೊಕ್ಕೆ ನನಗೇ ಹೇಗೆ ಚುಚ್ಚುತ್ತದೆ?

ಮುಖ್ಯ ಕಾರಣ ಗಾಳಿ. ಬಲಗೈಯಲ್ಲಿ ಬೀಸುವವರಿಗೆ ಬಲಗಡೆಯಿಂದ ಗಾಳಿ ಬೀಸಿದರೆ ದಾರ ನೇರ ಮೈಮೇಲೆ ಬರುತ್ತದೆ. ಆಗ ಮಾಡಬೇಕಾದದ್ದು ಮೂರರಲ್ಲಿ ಒಂದು: ರಾಡ್‌ನ, ಅಂದರೆ ಗಾಳದ ಕೋಲಿನ, ತುದಿಯನ್ನು ಎಡಭುಜದ ಮೇಲೆ ಓರೆಯಾಗಿಸಿ ಬೀಸುವುದು; ನದಿಗೆ ಬೆನ್ನು ಮಾಡಿ ನಿಂತು ಹಿಂಬೀಸಿನಲ್ಲೇ ಕೊಕ್ಕೆಯನ್ನು ನೀರಿಗೆ ಬಿಡುವುದು; ಅಥವಾ ಆಚೆ ದಡಕ್ಕೆ ಹೋಗುವುದು. ನಾಲ್ಕನೆಯದೂ ಇದೆ. ಗಾಳಿ ನಿಲ್ಲುವವರೆಗೆ ಕೂತು ಚಹಾ ಕುಡಿಯುವುದು. ಅದನ್ನು ಯಾರೂ ಮಾಡುವುದಿಲ್ಲ.

ಎರಡನೆಯ ಕಾರಣ, ಟಂಗ್‌ಸ್ಟನ್ ಮಣಿ ಕಟ್ಟಿದ ಭಾರದ ಫ್ಲೈ. ಇದು ದಾರದ ಜೊತೆ ಸಲೀಸಾಗಿ ಸಾಗದೆ ಮಧ್ಯದಲ್ಲಿ ಜೋತುಬಿದ್ದು ತಲೆಯ ಮಟ್ಟಕ್ಕೆ ಇಳಿಯುತ್ತದೆ. ಇಂಥದ್ದನ್ನು ಕಟ್ಟಿದಾಗ ನಿಧಾನವಾಗಿ, ಗಾಳಿಯಲ್ಲಿ ದಾರದ ಬಾಗು ಅಗಲವಾಗಿರುವಂತೆ ಬೀಸಬೇಕು. ಮೂರನೆಯದು, ಪೊದೆಗೋ ನೀರೊಳಗಿನ ಕಲ್ಲಿಗೋ ಸಿಕ್ಕಿದ ಕೊಕ್ಕೆಯನ್ನು ರಾಡ್ ಬಗ್ಗಿಸಿ ಎಳೆಯುವುದು. ಬಿಡಿಸಿಕೊಂಡ ಕ್ಷಣ ಅದು ಬಾಣದ ಹಾಗೆ ನಿಮ್ಮ ಮುಖದ ಕಡೆಗೇ ಬರುತ್ತದೆ. ರಾಡ್ ಕೆಳಗಿಳಿಸಿ, ದಾರವನ್ನು ಕೈಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಎಳೆಯಿರಿ. ಬರದಿದ್ದರೆ ದಾರ ಕಡಿಯಲಿ.

ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರೆ ಲೆಕ್ಕ ಬೇರೆ. ಒಂಬತ್ತು ಅಡಿಯ ರಾಡ್, ಅದರಾಚೆ ಮೂವತ್ತು ನಲವತ್ತು ಅಡಿ ದಾರ, ಅಷ್ಟೂ ದೂರ ನಿಮ್ಮ ಬೆನ್ನ ಹಿಂದೆ ಹಾರುತ್ತದೆ. ಹಿಂದೆ ನಡೆದು ಹೋಗುವವರು ಕೂಗಿ ಹೇಳಬೇಕು. ಬೀಸುವವರು ಪ್ರತಿ ಸಲ ಶುರುಮಾಡುವ ಮುಂಚೆ ಕತ್ತು ತಿರುಗಿಸಿ ನೋಡಬೇಕು.

ಬಾರ್ಬ್ ಅಮುಕಿಬಿಟ್ಟರೆ ಮೀನು ತಪ್ಪಿಸಿಕೊಳ್ಳುವುದಿಲ್ಲವೇ?

ಬಾರ್ಬ್ ಎಂದರೆ ಕೊಕ್ಕೆಯ ಮೊನೆಯ ಹಿಂದೆ ಉಲ್ಟಾ ತಿರುಗಿರುವ ಸಣ್ಣ ಮುಳ್ಳು. ಇಕ್ಕಳದಲ್ಲಿ ಒಮ್ಮೆ ಅಮುಕಿದರೆ ಅದು ಮಡಚಿಕೊಳ್ಳುತ್ತದೆ. ದಾರ ಸಡಿಲ ಬಿಡದವರಿಗೆ ಇದರಿಂದ ಅಂಥ ನಷ್ಟವಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಾರ್ಬ್ ಇಲ್ಲದ ಕೊಕ್ಕೆ ಕಡ್ಡಾಯ. ಆ ನಿಯಮ ಮಾಡಿರುವುದು ಮೀನಿನ ಒಳಿತಿಗೆ. ಲಾಭ ನಮಗೂ ಅಷ್ಟೇ. ಬಾರ್ಬ್ ಇಲ್ಲದ ಕೊಕ್ಕೆ ಚುಚ್ಚಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಬಾರ್ಬ್ ಇದ್ದರೆ ಬಹಳ ಸಲ ಆಸ್ಪತ್ರೆಯ ಮಾತು. ಗಾಯ ತಪ್ಪಿಸಲು ಒಂದೇ ಒಂದು ಕೆಲಸ ಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಬಾರ್ಬ್ ಇರುವ ಕೊಕ್ಕೆಯೇ ಚುಚ್ಚಿದೆ. ಈಗೇನು?

ಮೊದಲು ದಾರ ಕತ್ತರಿಸಿ, ರಾಡ್ ಪಕ್ಕಕ್ಕಿಡಿ. ನೀರಿನಲ್ಲಿದ್ದರೆ ದಡಕ್ಕೆ ಬನ್ನಿ. ಕೊಕ್ಕೆ ಎಲ್ಲಿ, ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ಕಣ್ಣು ಅಥವಾ ರೆಪ್ಪೆ, ಕುತ್ತಿಗೆಯ ಮುಂಭಾಗ, ಬೆರಳಿನ ಕೀಲು, ಮಣಿಕಟ್ಟಿನ ಒಳಭಾಗ, ಎಲುಬಿಗೆ ತಗುಲಿದಂತೆ ಅನಿಸುವ ಜಾಗ, ಇಲ್ಲೆಲ್ಲ ನೀವೇ ತೆಗೆಯಲು ಹೋಗಬೇಡಿ. ಅಲುಗದಂತೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ.

ತೋಳಿನಂಥ ಮಾಂಸದ ಜಾಗದಲ್ಲಿ, ಹೆಚ್ಚು ಆಳವಿಲ್ಲದೆ ಚುಚ್ಚಿದ್ದರೆ ದಾರ ಜಗ್ಗಿ ತೆಗೆಯುವ ವಿಧಾನವಿದೆ. ವೈದ್ಯರೂ ಇದನ್ನು ಬಳಸುತ್ತಾರೆ. ಗಟ್ಟಿ ದಾರವನ್ನು ಕೊಕ್ಕೆಯ ಬಾಗಿನ ಸುತ್ತ ಹಾಕಿ, ಎರಡೂ ತುದಿಯನ್ನು ಕೈಗೆ ಸುತ್ತಿಕೊಳ್ಳಬೇಕು. ಇನ್ನೊಂದು ಕೈಯ ಬೆರಳಿನಿಂದ ಕೊಕ್ಕೆಯ ಹೊರಗಿನ ತುದಿಯನ್ನು, ಅಂದರೆ ದಾರ ಕಟ್ಟುವ ಕಣ್ಣಿನ ಕಡೆಯನ್ನು, ಚರ್ಮಕ್ಕೆ ಒತ್ತಿ ಹಿಡಿಯಬೇಕು. ಹೀಗೆ ಒತ್ತಿದಾಗ ಒಳಗೆ ಬಾರ್ಬ್ ಮಾಂಸದ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಒತ್ತಡ ಬಿಡದೆ, ದಾರವನ್ನು ಚರ್ಮಕ್ಕೆ ಸಮಾನಾಂತರವಾಗಿ, ಕೊಕ್ಕೆ ಒಳಹೊಕ್ಕ ದಿಕ್ಕಿಗೆ ವಿರುದ್ಧವಾಗಿ, ಒಂದೇ ಏಟಿಗೆ ಜಗ್ಗಬೇಕು. ಅರೆಮನಸ್ಸಿನಲ್ಲಿ ಜಗ್ಗಿದರೆ ನೋವು ಮಾತ್ರ ಸಿಗುತ್ತದೆ, ಕೊಕ್ಕೆ ಅಲ್ಲೇ ಇರುತ್ತದೆ. ಹೊರಬಂದ ಕೊಕ್ಕೆ ಹಾರುವುದರಿಂದ ಆ ದಿಕ್ಕಿನಲ್ಲಿ ಯಾರೂ ನಿಂತಿರಬಾರದು. ಒಂದು ಸಲಕ್ಕೆ ಬರದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸದೆ ವೈದ್ಯರ ಹತ್ತಿರ ಹೋಗಿ. ತನ್ನ ಕೈಗೆ ತಾನೇ ಇದನ್ನು ಮಾಡಿಕೊಳ್ಳುವುದು ಕಷ್ಟ, ಜೊತೆಗಾರರು ಬೇಕು.

ಕಣ್ಣಿಗೇ ಚುಚ್ಚಿದರೆ?

ಎಳೆಯಬೇಡಿ, ತೊಳೆಯಬೇಡಿ, ಒತ್ತಬೇಡಿ, ಉಜ್ಜಲು ಬಿಡಬೇಡಿ. ಕಾಗದದ ಲೋಟವನ್ನು ಕಣ್ಣಿನ ಸುತ್ತ ಎಲುಬಿನ ಮೇಲೆ ಕೂರುವಂತೆ ಇಟ್ಟು ಟೇಪ್ ಹಾಕಿ. ಲೋಟ ಕೊಕ್ಕೆಗೆ ತಾಗಬಾರದು. ಒಂದು ಕಣ್ಣು ಆಡಿದರೆ ಇನ್ನೊಂದೂ ಆಡುತ್ತದೆ, ಹಾಗಾಗಿ ಸರಿಯಿರುವ ಕಣ್ಣನ್ನೂ ಆದಷ್ಟು ಮುಚ್ಚಿಕೊಂಡಿರಲು ಹೇಳಿ. ತಲೆ ಎತ್ತರದಲ್ಲಿರಲಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ತಿನ್ನಲು ಕುಡಿಯಲು ಏನೂ ಕೊಡಬೇಡಿ. ಕಣ್ಣಿನ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೇ ನೇರ ಹೋಗಿ.

ಇದಿಷ್ಟನ್ನೂ ತಪ್ಪಿಸುವುದು ಒಂದು ಕನ್ನಡಕ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೋಲರೈಸ್ಡ್ ಕನ್ನಡಕ ನೀರಿನ ಮೇಲಿನ ಹೊಳಪನ್ನು ತಡೆದು ಮೀನನ್ನೂ ತೋರಿಸುತ್ತದೆ, ಕಾಲಡಿಯ ಕಲ್ಲನ್ನೂ ತೋರಿಸುತ್ತದೆ, ಕೊಕ್ಕೆಯನ್ನೂ ತಡೆಯುತ್ತದೆ. ಸಂಜೆ ಬೆಳಕು ಇಳಿದಾಗ ಎಲ್ಲರೂ ಅದನ್ನು ತೆಗೆದು ಜೇಬಿಗಿಡುತ್ತಾರೆ, ಕಣ್ಣು ಕಾಣದೆ ಬೀಸು ತಪ್ಪುವುದೂ ಆಗಲೇ. ಸಂಜೆಗೆ ಬಣ್ಣವಿಲ್ಲದ ಇನ್ನೊಂದು ಕನ್ನಡಕ ಇಟ್ಟುಕೊಳ್ಳಿ. ಅಗಲ ಅಂಚಿನ ಟೋಪಿಯೂ ಇರಲಿ.

ಸೂಜಿಮೊನೆಯಷ್ಟು ಗಾಯ ತಾನೇ, ಇಂಜೆಕ್ಷನ್ ಬೇಕೇ?

ಧನುರ್ವಾಯು ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಮಣ್ಣು, ನದಿನೀರು ಸೇರಿದ ಗಾಯವಾದರೆ, ಕೊನೆಯದು ಹಾಕಿಸಿ ಐದು ವರ್ಷ ದಾಟಿದ್ದರೂ ಮತ್ತೆ ಬೇಕಾಗುತ್ತದೆ. ಕೊನೆಯದು ಯಾವಾಗ ಎಂದು ನೆನಪಿಲ್ಲದಿದ್ದರೆ ವೈದ್ಯರಿಗೆ ಹಾಗೆಂದೇ ಹೇಳಿ.

ಗಾಯವನ್ನು ಸೋಪು, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನದಿನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ತೊಳೆಯಬೇಡಿ. ಸಿಹಿನೀರಿನಲ್ಲಿರುವ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಗಾಯ ಕೆಂಪಾಗಿ ಊದಿಕೊಳ್ಳುವಂತೆ ಮಾಡಬಲ್ಲದು. ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಕೆಂಪು ಗೆರೆ ಮೇಲಕ್ಕೇರಿದರೆ, ಜ್ವರ ಬಂದರೆ ತಡ ಮಾಡಬೇಡಿ. ಇನ್ನೊಂದು ಸೋಂಕು ಇದಕ್ಕೆ ಉಲ್ಟಾ, ಬಹಳ ನಿಧಾನದ್ದು. ಮೈಕೊಬ್ಯಾಕ್ಟೀರಿಯಮ್ ಮರೈನಮ್ ಎಂಬುದು ವಾರಗಳ ನಂತರ ಕೈಮೇಲೆ ವಾಸಿಯಾಗದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೊಕ್ಕೆಯ ವಿಷಯ ಮರೆತುಹೋಗಿರುತ್ತದೆ, ವೈದ್ಯರಿಗೂ ಸುಳಿವು ಸಿಗುವುದಿಲ್ಲ. ಆದ್ದರಿಂದ ಮೀನು, ನೀರು, ಕೊಕ್ಕೆ ಮೂರನ್ನೂ ಬಾಯಿಬಿಟ್ಟು ಹೇಳಿ. ಸಕ್ಕರೆ ಕಾಯಿಲೆ ಇರುವವರು ಚಿಕ್ಕ ಗಾಯಕ್ಕೂ ತೋರಿಸಿಬಿಡುವುದು ಒಳ್ಳೆಯದು.

ವೇಡರ್ ಒಳಗೆ ನೀರು ತುಂಬಿದರೆ ಮುಳುಗಿಹೋಗುತ್ತೇವಂತೆ, ನಿಜವೇ?

ವೇಡರ್ ಎಂದರೆ ಎದೆಮಟ್ಟದವರೆಗೆ ಬರುವ ನೀರು ಒಳಸೇರದ ಉಡುಪು. ಒಳಗೆ ತುಂಬಿದ ನೀರಿಗೂ ಹೊರಗಿನ ನೀರಿಗೂ ತೂಕ ಒಂದೇ, ಹಾಗಾಗಿ ಅದು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ. ಆದರೆ ದಡ ಹತ್ತಲು ಹೋದಾಗ ಅಷ್ಟೂ ನೀರನ್ನು ಹೊತ್ತು ಏಳಬೇಕು, ಈಜಲು ಕಾಲು ಆಡುವುದಿಲ್ಲ. ಸೊಂಟಕ್ಕೆ ಬಿಗಿಯುವ ಬೆಲ್ಟ್ ಇರುವುದು ಈ ನೀರು ಒಳನುಗ್ಗುವುದನ್ನು ತಡೆಯಲು. ವೇಡರ್ ಹಾಕಿಕೊಂಡು ಬೆಲ್ಟ್ ಬ್ಯಾಗಿನಲ್ಲಿಟ್ಟವರನ್ನು ಎಷ್ಟೋ ಸಲ ನೋಡಬಹುದು. ಹೊಟ್ಟೆ ಬಿಗಿಯಾಗುತ್ತದೆ ಎಂಬುದು ಅವರ ಕಾರಣ. ಬೆಲ್ಟ್ ಇಲ್ಲದವರನ್ನು ಗುಂಪಿನಲ್ಲಿ ನೀರಿಗೆ ಇಳಿಯಲು ಬಿಡಬೇಡಿ.

ಹರಿವ ನೀರಿನಲ್ಲಿ ನಡೆಯುವುದು ಹೇಗೆ?

ನೀರಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಆರಾಮಾಗಿ ದಾಟಿದ ಜಾಗ ಮಧ್ಯಾಹ್ನ ಹಿಮ ಕರಗಿ ನೀರು ಸ್ವಲ್ಪ ಏರಿದ ಮೇಲೆ ಬೇರೆಯೇ ಜಾಗ. ರಭಸವಿರುವ ಕಡೆ ಮಂಡಿ ದಾಟಿದ ನೀರನ್ನು ಅನುಮಾನದಿಂದ ನೋಡಬೇಕು, ತೊಡೆ ದಾಟಿದ್ದನ್ನು ಬಿಟ್ಟುಬಿಡಬೇಕು.

ಪ್ರವಾಹಕ್ಕೆ ಪಕ್ಕ ಕೊಟ್ಟು ನಿಲ್ಲಿ; ಎದೆ ಕೊಟ್ಟರೆ ನೀರಿಗೆ ಸಿಗುವ ಜಾಗ ಹೆಚ್ಚು. ಊರುಗೋಲು ಮೇಲ್ಹರಿವಿನ ಕಡೆ ಇರಲಿ. ಕೋಲು, ಎರಡು ಕಾಲು, ಈ ಮೂರರಲ್ಲಿ ಒಂದನ್ನಷ್ಟೇ ಒಮ್ಮೆಗೆ ಕದಲಿಸಿ. ಕಾಲೆತ್ತಿ ಹಾಕದೆ ತಳಕ್ಕೆ ತಾಗಿಸಿಕೊಂಡೇ ಸರಿಸಿ, ಹಿಂದಿನ ಕಾಲು ಮುಂದಿನದನ್ನು ದಾಟಿ ಅಡ್ಡಹಾಕದಿರಲಿ. ಕಲ್ಲಿನ ಮೇಲೆ ಹೆಜ್ಜೆ ಇಡಬೇಡಿ, ಕಲ್ಲುಗಳ ನಡುವೆ ಇಡಿ. ಹಾವಸೆ ಹಿಡಿದ ಕಲ್ಲಿನ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ. ತಿರುಗಬೇಕಾದರೆ ಮೇಲ್ಹರಿವಿನ ಕಡೆ ಮುಖ ಮಾಡಿಕೊಂಡೇ ತಿರುಗಿ. ಕೆಳಹರಿವಿನ ಕಡೆ ನಡೆದು ಹೋಗುವುದು ಸುಲಭ, ಅದೇ ಮೋಸ: ವಾಪಸು ಬರುವಾಗ ಪ್ರವಾಹಕ್ಕೆ ಎದುರಾಗಿ ಬರಬೇಕು.

ಬೂಟಿನ ವಿಷಯ ಕೇಳುತ್ತಾರೆ. ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಯಂಥ ದಪ್ಪ ಬಟ್ಟೆಯ ಅಟ್ಟೆ ಕಲ್ಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆಯಾಗಿಯೇ ಉಳಿದು ಪಾಚಿಯಂಥ ಜೀವಿಗಳನ್ನು ಒಂದು ನದಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ನ್ಯೂಜಿಲೆಂಡ್ 2008ರಲ್ಲೇ ಅದನ್ನು ನಿಷೇಧಿಸಿತು, ಯೆಲ್ಲೋಸ್ಟೋನ್ 2018ರಲ್ಲಿ. ರಬ್ಬರ್ ಅಟ್ಟೆಗೆ ಲೋಹದ ಮೊಳೆ ಹಾಕಿಸಿಕೊಂಡರೆ ಸಾಕು.

ಜಾರಿ ಬಿದ್ದರೆ?

ಏಳಲು ಹೋಗಬೇಡಿ. ರಭಸದ ನೀರಿನಲ್ಲಿ ಕಾಲೂರಲು ಹೋದವರ ಪಾದ ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮೇಲಿನ ನೀರು ಮೈಯನ್ನು ಬಗ್ಗಿಸಿ ಮುಳುಗಿಸುತ್ತದೆ. ಮಂಡಿಯಷ್ಟು ನೀರಿನಲ್ಲೂ ಜನ ಸಾಯುವುದು ಹೀಗೆ. ಬೆನ್ನ ಮೇಲೆ ಮಲಗಿ, ಪಾದ ಮುಂದಕ್ಕೆ ಕೆಳಹರಿವಿನ ಕಡೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಿ. ಕೈಯಿಂದ ಓರೆಯಾಗಿ ದಡದ ಕಡೆ ಹುಟ್ಟುಹಾಕಿ. ನೀರು ತೀರ ಆಳ ಕಡಿಮೆಯಾಗಿ, ನಿಧಾನವಾದ ಮೇಲೆ ಏಳಿ. ರಾಡ್ ಹೋದರೆ ಹೋಗಲಿ. ಎಷ್ಟು ಬೆಲೆಯದ್ದಾದರೂ.

ತಣ್ಣೀರಿಗೆ ಬಿದ್ದಾಗ ಮೊದಲ ಹೊಡೆತ ಚಳಿಯದ್ದಲ್ಲ, ಉಸಿರಿನದ್ದು. ತಂತಾನೇ ಏದುಸಿರು ಬರುತ್ತದೆ, ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಡುವ ಲೆಕ್ಕ 1-10-1: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ನಿಮ್ಮ ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಗಾಬರಿಗೆ ಒಂದು ನಿಮಿಷ ಕೊಟ್ಟು, ದಡ ಸೇರುವ ಕೆಲಸವನ್ನು ಆ ಹತ್ತರಲ್ಲಿ ಮುಗಿಸಬೇಕು.

ಮೇಲೆ ಬಂದವರ ಒದ್ದೆ ಬಟ್ಟೆ ತೆಗೆದು, ಎದೆ ಹೊಟ್ಟೆ ಬೆಚ್ಚಗಾಗುವಂತೆ ಹೊದಿಸಿ. ಎಚ್ಚರವಿದ್ದು ನುಂಗಲು ಬರುವಂತಿದ್ದರೆ ಸಿಹಿ ಹಾಕಿದ ಬಿಸಿ ಚಹಾ ಕೊಡಿ. ಕೈಕಾಲು ಉಜ್ಜಬೇಡಿ. ಒಂದು ಪೆಗ್ ಹಾಕಿದರೆ ಮೈ ಬಿಸಿಯಾಗುತ್ತದೆ ಎನ್ನುವ ಸ್ನೇಹಿತರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಮದ್ಯ ಮೈಯ ಶಾಖವನ್ನು ಇನ್ನೂ ಬೇಗ ಹೊರಹಾಕುತ್ತದೆ. ಮಾತು ತೊದಲಿದರೆ, ನಡುಕ ಇದ್ದದ್ದು ನಿಂತುಹೋದರೆ ಕೂಡಲೇ ಆಸ್ಪತ್ರೆ. ಒಳಗೆ ಹತ್ತಿ ಬಟ್ಟೆ ಬೇಡ, ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಇರಲಿ.

ಅಣೆಕಟ್ಟಿನ ಕೆಳಗೆ ಗಾಳ ಹಾಕಬಹುದೇ?

ಅಮೆರಿಕದಲ್ಲಿ ಒಳ್ಳೆಯ ಟ್ರೌಟ್ ಸಿಗುವ ಎಷ್ಟೋ ಜಾಗಗಳು ಅಣೆಕಟ್ಟಿನ ಕೆಳಗಿನವೇ. ಅಲ್ಲಿ ನೀರು ಬಿಡುವ ವೇಳಾಪಟ್ಟಿ ನೋಡಿಕೊಂಡು ಹೋಗುತ್ತಾರೆ. ಹಿಮಾಚಲದಲ್ಲಿ ನನ್ನ ಸಲಹೆ ಬೇಡ ಎಂದೇ. 2014ರ ಜೂನ್ 8ರಂದು ಮಂಡಿ ಜಿಲ್ಲೆಯ ಥಲೋಟ್ ಬಳಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಅವರು ಗಾಳ ಹಾಕುತ್ತಿರಲಿಲ್ಲ, ಬಂಡೆಗಳ ಮೇಲೆ ಫೋಟೋ ತೆಗೆಯುತ್ತಿದ್ದರು. ತೀರ್ಥನ್ ನದಿ ಬಿಯಾಸ್‌ಗೆ ಸೇರುವುದು ಅದೇ ಲಾರ್ಜಿಯಲ್ಲಿ; ಕಣಿವೆಯ ಮೇಲ್ಭಾಗದಲ್ಲೇ ಇರಿ.

ಎಲ್ಲೇ ಆಗಲಿ, ನೀರಿಗೆ ಇಳಿಯುವ ಮುಂಚೆ ಅಂಚಿನ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳಿ. ಆ ಕಲ್ಲು ಒದ್ದೆಯಾದರೆ, ತಿಳಿನೀರು ಕದಡಿದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದು ಬದಲಾದರೆ, ದಾರ ಸುತ್ತಿಕೊಳ್ಳುತ್ತಾ ನಿಲ್ಲಬೇಡಿ. ಮೇಲೆ ಹತ್ತಿ. ಮಳೆಗಾಲದಲ್ಲಿ ಹಿಮಾಚಲದ ನದಿಗಳಿಗೆ ಹೋಗುವುದೇ ಬೇಡ; 2023ರ ಜುಲೈನಲ್ಲಿ ಕುಲ್ಲು ಕಣಿವೆಯಲ್ಲಿ ನೆರೆ ಏನು ಮಾಡಿತೆಂದು ಎಲ್ಲರೂ ನೋಡಿದ್ದೇವೆ.

ಭುಜ, ಮೊಣಕೈ ನೋವು ಶುರುವಾಗಿದೆ. ಗಾಳ ಬಿಡಬೇಕೇ?

ಹೆಚ್ಚಿನವರು ಬಿಡಬೇಕಾಗಿಲ್ಲ, ಬೀಸುವ ಬಗೆ ಬದಲಿಸಬೇಕು. ಇಡೀ ದಿನ ಸಾವಿರಾರು ಸಲ ಕೈ ಎತ್ತಿ ಇಳಿಸುವ ಕೆಲಸ ಇದು. ಕೈಯನ್ನು ತಲೆಗಿಂತ ಮೇಲೆತ್ತಿ, ಮೊಣಕೈಯನ್ನು ಮೈಯಿಂದ ದೂರ ಚಾಚಿ ಬೀಸುವವರಿಗೆ ಭುಜದ ಸ್ನಾಯುರಜ್ಜು ಉಜ್ಜಿ ಊದಿಕೊಳ್ಳುತ್ತದೆ. ರಾಡ್ ಹಿಡಿಯನ್ನು ಬಿಗಿಯಾಗಿ ಅಮುಕಿಕೊಂಡೇ ಇರುವವರಿಗೆ ಮೊಣಕೈ ಹೊರಭಾಗದ ನೋವು, ಅಂದರೆ ಟೆನಿಸ್ ಎಲ್ಬೋ.

ಅಮೆರಿಕದ ಹೆಸರಾಂತ ಗಾಳಗಾರ ಲೆಫ್ಟಿ ಕ್ರೇ ಮೊಣಕೈ ಒಂದು ಶೆಲ್ಫಿನ ಮೇಲೆ ಕೂತಿದೆ ಎಂದುಕೊಂಡು, ಅದೇ ಮಟ್ಟದಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಸಿ ಎಂದು ಕಲಿಸುತ್ತಿದ್ದರು. ಆಗ ಭುಜ ಏಳುವುದಿಲ್ಲ, ಕೆಲಸ ಇಡೀ ಮೈಗೆ ಹಂಚಿಹೋಗುತ್ತದೆ. ರಾಡನ್ನು ಸಡಿಲವಾಗಿ ಹಿಡಿಯಿರಿ. ನಿಲ್ಲಿಸುವ ಕ್ಷಣಕ್ಕೆ ಮಾತ್ರ ಬಿಗಿ. ಗಾಳಿಯಲ್ಲೇ ಐದಾರು ಸಲ ಬೀಸಾಡುವುದು ನೋಡಲು ಚೆಂದ, ಮೀನಿಗೆ ಅದರಿಂದ ಏನೂ ಆಗಬೇಕಿಲ್ಲ. ಎರಡು ಬೀಸಿಗೆ ನೀರಿಗೆ ಬಿಡಿ. ರಾಡ್‌ಗೆ ಅದು ಬೀಸುವ ದಾರದ ತೂಕದ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ, ಚಿಕ್ಕದಾದಷ್ಟೂ ಹಗುರ; ಟ್ರೌಟ್‌ಗೆ 4 ಅಥವಾ 5ನೇ ತೂಕದ ರಾಡ್ ಧಾರಾಳ. ಇಪ್ಪತ್ತೈದು ಅಡಿಯಲ್ಲಿರುವ ಮೀನು ಬಿಟ್ಟು ಅರವತ್ತು ಅಡಿಗೆ ಬೀಸುವ ಚಟ ಗಂಡಸರಲ್ಲಿ ಸ್ವಲ್ಪ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಭುಜ ಹಿಡಿದುಕೊಂಡು ಕೂರುವವರೂ ಅವರೇ.

ಮೊಣಕೈ ನೋವಿಗೆ ಫಿಸಿಯೋಥೆರಪಿಯವರು ಹೇಳಿಕೊಡುವ ಸರಳ ವ್ಯಾಯಾಮವಿದೆ: ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಹಗುರ ಡಂಬೆಲ್ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲೆತ್ತಿ, ಒಂದೇ ಕೈಯಲ್ಲಿ ನಿಧಾನವಾಗಿ ಇಳಿಸುವುದು. ರಾತ್ರಿ ನಿದ್ದೆ ಕೆಡಿಸುವ ಭುಜನೋವು, ಕೈ ಎತ್ತಲಾಗದ ಸ್ಥಿತಿ, ಬೆರಳು ಜೋಮು ಹಿಡಿಯುವುದು ಇದ್ದರೆ ಮೂಳೆ ವೈದ್ಯರನ್ನು ನೋಡಿ.

ದಾರದಿಂದ ಬೆರಳು ಕೊಯ್ಯುತ್ತದೆಯೇ?

ದೊಡ್ಡ ಮೀನು ಓಡುವಾಗ ದಾರವನ್ನು ಬೆರಳಿಗೆ ಸುತ್ತಿ ಹಿಡಿದರೆ ಖಂಡಿತ. ಸುತ್ತಬೇಡಿ. ತಿರುಗುತ್ತಿರುವ ರೀಲಿನ ಹಿಡಿಯ ಹತ್ತಿರ ಗೆಣ್ಣು ತರಬೇಡಿ. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವುದರಿಂದ ಹಲ್ಲಿನ ಎನಾಮಲ್ ಚೂರಾಗುತ್ತದೆ. ದಾರಕ್ಕೆ ಭಾರ ಕೊಡುವ ಸೀಸದ ಗುಂಡನ್ನು ಹಲ್ಲಿನಲ್ಲಿ ಒತ್ತುವುದಂತೂ ವಿಷವನ್ನು ಬಾಯಿಗೆ ಹಾಕಿಕೊಂಡ ಲೆಕ್ಕ. ಉಗುರು ಕತ್ತರಿಸುವ ನೇಲ್ ಕಟರ್ ಕುತ್ತಿಗೆಗೆ ತೂಗುಹಾಕಿಕೊಂಡರೆ ಆಯಿತು.

ಗುಡುಗು ಬಂದರೆ?

ರಾಡ್ ಕಾರ್ಬನ್ ಫೈಬರಿನದ್ದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗಿನ ಸದ್ದು ಕೇಳಿದರೆ ರಾಡ್ ಕೆಳಗಿಟ್ಟು ನೀರಿನಿಂದ ಹೊರಬಂದು ಕಟ್ಟಡಕ್ಕೋ ಕಾರಿಗೋ ಸೇರಿ; ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಬೆಟ್ಟದ ಊರುಗಳಲ್ಲಿ ನದಿಗೆ ಅಡ್ಡಲಾಗಿ ವಿದ್ಯುತ್ ತಂತಿ ತಗ್ಗಿನಲ್ಲೇ ಹಾದುಹೋಗಿರುತ್ತದೆ. ಬೀಸುವ ಮುಂಚೆ ಮೇಲೂ ನೋಡಿ.

ಕರ್ನಾಟಕದ ನದಿಗಳಲ್ಲಿ ಬೇರೆ ಅಪಾಯಗಳಿವೆಯೇ?

ಇವೆ. ಮೊದಲು ಅನುಮತಿ: ಕಾವೇರಿ ವನ್ಯಧಾಮದೊಳಗೆ ಹಿಂದೆ ಮಹಶೀರ್ ಎಂಬ ದೊಡ್ಡ ಮೀನಿಗೆ ಗಾಳ ಹಾಕಿಸುತ್ತಿದ್ದ ಶಿಬಿರಗಳಲ್ಲಿ ಈಗ ಅದು ನಿಂತಿದೆ. ಬೇರೆಡೆ ಗಾಳ ಹಾಕುವ ಮುಂಚೆ ಕೇಳಿಕೊಳ್ಳಿ. ಕಾವೇರಿಯಲ್ಲಿ ಮೊಸಳೆಗಳಿವೆ, ಆದ್ದರಿಂದ ಇಲ್ಲಿ ನೀರಿಗೆ ಇಳಿದು ಬೀಸುವ ಯೋಚನೆಯನ್ನೇ ಬಿಡಿ. ಮೇಕೆದಾಟು, ಮುತ್ತತ್ತಿ ಕಡೆಯ ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಮಲೆನಾಡಿನಲ್ಲಿ ಜಿಗಣೆ ಕಿರಿಕಿರಿ ಮಾತ್ರ, ಉಣ್ಣಿ ಹಾಗಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ. ಚಳಿಗಾಲ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಆರೋಗ್ಯ ಇಲಾಖೆ ಆ ಊರುಗಳಲ್ಲಿ ಕೊಡುವ, ಉಣ್ಣಿಯನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ಹುಡುಕಿ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವವರಿಗೂ ಇದೇ ಅಭ್ಯಾಸ ಬೇಕು, ಅಲ್ಲಿ ಉಣ್ಣಿಯಿಂದ ಬರುವುದು ಲೈಮ್ ಕಾಯಿಲೆ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಹೋದ ಜಾಗದ ಹೆಸರನ್ನು ವೈದ್ಯರಿಗೆ ಹೇಳಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ. ಕನ್ನಡಕ, ಟೋಪಿ, ಲೈಫ್ ಜಾಕೆಟ್ ಮೂರೂ ಕಡ್ಡಾಯ. ಮೊದಲ ಪಾಠಗಳು ಹುಲ್ಲಿನ ಮೈದಾನದಲ್ಲಿ, ಕೊಕ್ಕೆಯ ಬದಲು ಬಣ್ಣದ ಉಲ್ಲನ್ ಚೂರು ಕಟ್ಟಿ. ದಡದಿಂದಲೇ ಬೀಸಲಿ. ನೀವು ಅವರ ಪಕ್ಕದಲ್ಲಿ, ರಾಡ್ ಹಿಡಿಯದ ಕೈಯ ಕಡೆ ನಿಲ್ಲಿ. ಆ ಹೊತ್ತಿನಲ್ಲಿ ನಿಮ್ಮ ಗಾಳ ಬ್ಯಾಗಿನಲ್ಲೇ ಇರಲಿ.

ಬ್ಯಾಗಿನಲ್ಲಿ ಏನೇನು ಇರಬೇಕು?

ಕೊಕ್ಕೆ ಕತ್ತರಿಸಬಲ್ಲ ಇಕ್ಕಳ, ಒಂದು ಮೊಳ ಗಟ್ಟಿ ದಾರ, ಪೊವಿಡೋನ್ ಅಯೋಡಿನ್, ಗಾಜ್ ಬಟ್ಟೆ, ಉಳುಕಿದ ಪಾದಕ್ಕೆ ಕ್ರೇಪ್ ಬ್ಯಾಂಡೇಜ್, ಒಂದೆರಡು ಕಾಗದದ ಲೋಟ, ಓಆರ್‌ಎಸ್ ಪೊಟ್ಟಣ, ತೆಳ್ಳನೆಯ ಎಮರ್ಜೆನ್ಸಿ ಹೊದಿಕೆ, ನೀರು ಒಳಸೇರದ ಚೀಲದಲ್ಲಿ ಒಣ ಬಟ್ಟೆ, ಸೀಟಿ. ಸನ್‌ಸ್ಕ್ರೀನ್ ಕೂಡ, ನೀರಿನ ಪ್ರತಿಫಲನ ಟೋಪಿಯ ಕೆಳಗಿನಿಂದ ಗಲ್ಲ, ಮೂಗಿನ ಅಡಿ, ಕಿವಿ ಸುಡುತ್ತದೆ. ಸೀಟಿಯನ್ನು ಬ್ಯಾಗಿನಲ್ಲಿ ಇಡದೆ ಕುತ್ತಿಗೆಗೆ ಹಾಕಿಕೊಳ್ಳಿ. ನೀರಿನ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ. ಭಾರತದಲ್ಲಿ ತುರ್ತು ಸಂಖ್ಯೆ 112, ಅಮೆರಿಕದಲ್ಲಿ 911. ಕಣಿವೆಗಳಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲವಾದ್ದರಿಂದ, ಯಾವ ಜಾಗಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸು ಎಂದು ತಂಗಿರುವ ಮನೆಯವರಿಗೆ ಹೇಳಿಯೇ ಹೊರಡಿ.